ಬಾಗುವ ಮಹಿಮೆ



ನಮ್ಮ ದಿನನಿತ್ಯದ ಮಾತಿನಲ್ಲಿ ಒಂದು ವಿಶೇಷವಿದೆ. ಮೂರು ದಿನ ಕಾಡಿದ ಮಗುವಿನ ಜ್ವರ ನಾಲ್ಕನೆಯ ದಿನ ಇಳಿದಾಗ, ಘಾಟಿಯಲ್ಲಿ ಬಸ್ಸು ಮಗುಚಿಯೂ ಒಳಗಿದ್ದವರೆಲ್ಲ ಬದುಕಿ ಬಂದಾಗ, ಮನೆಯ ಹಿರಿಯರು ಕೈಮುಗಿದು 'ದೇವರು ದೊಡ್ಡವನು' ಎನ್ನುತ್ತಾರೆ. 'ದೇವರು ಕರುಣಾಳು' ಎನ್ನಬೇಕಾದ ಜಾಗದಲ್ಲಿ ನಾವು 'ದೊಡ್ಡವನು' ಎಂದುಬಿಡುತ್ತೇವೆ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ, ಯಾವುದೋ ಒಂದು ಮತದವರ ಸೊತ್ತೂ ಅಲ್ಲ. ದೊಡ್ಡತನ ಮತ್ತು ಕರುಣೆ ಎರಡಲ್ಲ, ಒಂದೇ ಇರಬಹುದು ಎಂಬ ಗುಮಾನಿ ಆ ಮಾತಿನೊಳಗೆ ಅಡಗಿದೆ. ಕ್ರೈಸ್ತ ಶ್ರದ್ಧೆ ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಮೊದಲು ಪ್ರಶ್ನೆ ಎಲ್ಲಿ ಹುಟ್ಟುತ್ತದೆ ಎಂದು ನೋಡೋಣ. ವಿಜ್ಞಾನ ಓದಿದ ನನ್ನಂಥವರಿಗೆ ಸೃಷ್ಟಿಯ ವಿಸ್ತಾರವೇ ಒಂದು ತೊಡಕು. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಸೂರ್ಯನಿಂದ ನಮ್ಮ ಅಂಗಳಕ್ಕೆ ಬರಲು ಅದಕ್ಕೆ 8 ನಿಮಿಷಕ್ಕೂ ಸ್ವಲ್ಪ ಹೆಚ್ಚು ಬೇಕು. ನೆರೆಯ ದೊಡ್ಡ ನಕ್ಷತ್ರಲೋಕವಾದ ಆಂಡ್ರೊಮಿಡದಿಂದ ಬರಲು ಸುಮಾರು 25 ಲಕ್ಷ ವರ್ಷ ಬೇಕು. ಇಷ್ಟೆಲ್ಲವನ್ನೂ ಉಂಟುಮಾಡಿದ ಒಬ್ಬ ದೇವರು ಇದ್ದಾರೆಂದೇ ಇಟ್ಟುಕೊಂಡರೂ, ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಮಗನ ಚಿಂತೆಯಿಂದ ನಿದ್ದೆ ಬಾರದೆ ಕುಳಿತ ತಾಯಿಯ ಮೇಲೆ ಅವರಿಗೆ ಗಮನವಿರುವುದು ಸಾಧ್ಯವೇ?

ಇನ್ನೊಂದು ಬದಿಯಿಂದಲೂ ತೊಡಕಿದೆ. ಮಹಿಮೆಯನ್ನಷ್ಟೇ ಹಿಡಿದುಕೊಂಡ ಭಕ್ತಿ ಹೆದರಿಕೆಯಾಗುತ್ತದೆ. ಅಂಥ ದೇವರು ತಪ್ಪು ಹುಡುಕುವ ಮೇಲಧಿಕಾರಿಯಂತೆ ಕಾಣುತ್ತಾರೆ. ಕರುಣೆಯನ್ನಷ್ಟೇ ಹಿಡಿದುಕೊಂಡ ಭಕ್ತಿ ಸದರವಾಗುತ್ತದೆ. ಏನು ಮಾಡಿದರೂ ಕ್ಷಮೆ ಉಂಟಲ್ಲ ಎಂದು ಮನುಷ್ಯ ಹಾಯಾಗಿರುತ್ತಾನೆ. ಬಹಳ ಜನ ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಂತೆ ಭಾವಿಸಿ, ಒಂದರಲ್ಲಿ ಇಷ್ಟು ಭಯ, ಇನ್ನೊಂದರಲ್ಲಿ ಇಷ್ಟು ಭರವಸೆ ಇಟ್ಟು ತೂಗಿಸಿಕೊಂಡು ಹೋಗುತ್ತಾರೆ. ಆದರೆ ಬೈಬಲ್ಲು ಹೇಳುವುದು ತಕ್ಕಡಿಯ ಮಾತನ್ನಲ್ಲ.

ಇಲ್ಲಿ ಎರಡು ಪದಗಳ ಹುಟ್ಟು ತಿಳಿದರೆ ದಾರಿ ಸುಲಭವಾಗುತ್ತದೆ. ಹಳೆಯ ಒಡಂಬಡಿಕೆಯ ಭಾಷೆ ಹೀಬ್ರೂ. ಅದರಲ್ಲಿ ದೇವರ ಮಹಿಮೆಗೆ ಇರುವ ಪದ 'ಕಾವೋದ್'. ಅದರ ಮೂಲ ಅರ್ಥ ತೂಕ, ಭಾರ. ನಮ್ಮ 'ಗೌರವ'ವೂ ಹೀಗೆಯೇ 'ಗುರು' ಎಂಬುದರಿಂದ, ಅಂದರೆ ಭಾರವುಳ್ಳದ್ದು ಎಂಬುದರಿಂದ ಬಂದಿದೆ. ಭೌತಶಾಸ್ತ್ರದ ಗುರುತ್ವಾಕರ್ಷಣೆಯಲ್ಲಿ ಇರುವುದೂ ಅದೇ ಗುರು. ಇನ್ನು ಕರುಣೆಗೆ ಹೀಬ್ರೂವಿನಲ್ಲಿರುವ ಒಂದು ಪದ 'ರಹಮೀಮ್'. ತಾಯಿಯ ಗರ್ಭಕ್ಕೆ ಹೇಳುವ 'ರೆಹೆಮ್' ಎಂಬ ಪದದ ಬಂಧು ಅದು. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ, ಯೇಸು ಜನರನ್ನು ಕಂಡು ಮರುಗಿದರು ಎನ್ನುವಾಗ ಬಳಸಿದ ಕ್ರಿಯಾಪದ ಕರುಳಿಗೆ ಸಂಬಂಧಿಸಿದ್ದು. ಕನ್ನಡಿಗರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ತಾಯಿಕರುಳು, ಕರುಳಿನ ಕೂಗು, ಕರುಳು ಚುರುಕ್ ಎಂದಿತು ಎನ್ನುವವರು ನಾವು. ನಮ್ಮ ಕರಾವಳಿಯ ಕ್ರೈಸ್ತರ ಕೊಂಕಣಿಯಲ್ಲಿ ದೇವರ ಕರುಣೆಗೆ 'ಕಾಕುಳ್ತ್' ಎನ್ನುತ್ತಾರೆ. ಕೇಳಿದೊಡನೆ ಕನ್ನಡದ 'ಕಕ್ಕುಲತೆ' ನೆನಪಾಗುತ್ತದೆ.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ನಂತರ ಬಂದವರು 19ನೆಯ ಶತಮಾನದಲ್ಲಿ ಬೈಬಲ್ಲನ್ನು ಕನ್ನಡಕ್ಕೆ ತರುವಾಗ ಮಹಿಮೆ, ಕನಿಕರ, ಕೃಪೆ, ದಯೆ ಎಂಬ ಪದಗಳನ್ನು ಹೊಸದಾಗಿ ಕಟ್ಟಬೇಕಾಗಲಿಲ್ಲ. ಇಲ್ಲಿನ ಭಕ್ತಿಯ ಭಾಷೆಯಲ್ಲಿ ಅವು ಸಿದ್ಧವಾಗಿಯೇ ಇದ್ದವು.

ಹಾಗಾದರೆ ಭಾರವೂ ಕರುಳೂ ಒಂದೇ ಕಡೆ ಹೇಗೆ ಸೇರುತ್ತವೆ? 'ವಿಮೋಚನಕಾಂಡ'ದಲ್ಲಿ ಒಂದು ಪ್ರಸಂಗವಿದೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ಜನ ಸೀನಾಯ್ ಬೆಟ್ಟದ ಬುಡದಲ್ಲಿ ಚಿನ್ನದ ಕರುವನ್ನು ಮಾಡಿ ಅದಕ್ಕೆ ಅಡ್ಡಬಿದ್ದಿದ್ದಾರೆ. ಮಾತು ಮುರಿದ ಜನ ಅವರು. ಅವರ ಪರವಾಗಿ ಅಂಗಲಾಚುತ್ತಿರುವ ಮೋಶೆ ಕೊನೆಗೆ ಒಂದು ವರ ಕೇಳುತ್ತಾನೆ. ದೇವರ ಮಹಿಮೆಯನ್ನು ಕಣ್ಣಾರೆ ನೋಡಬೇಕು ಎಂದು. ಬಂಡೆಯ ಸಂದಿಯಲ್ಲಿ ಅವನನ್ನು ನಿಲ್ಲಿಸಿ, ತಮ್ಮ ಕೈಯಿಂದ ಮರೆಮಾಡಿ ದೇವರು ಹಾದುಹೋಗುತ್ತಾರೆ. ಆಗ ಅವನಿಗೆ ಕಾಣಿಸಿದ್ದಕ್ಕಿಂತ ಕೇಳಿಸಿದ್ದು ಮುಖ್ಯ. ದೇವರು ತಮ್ಮ ಹೆಸರನ್ನು ತಾವೇ ಸಾರುತ್ತಾರೆ, ಆ ಹೆಸರಿನ ವಿವರಣೆ ಶುರುವಾಗುವುದೇ ಕರುಣೆಯಿಂದ, ದೀರ್ಘಶಾಂತಿಯಿಂದ. ಮಹಿಮೆಯನ್ನು ತೋರಿಸೆಂದವನಿಗೆ ಉತ್ತರವಾಗಿ ಕರುಣೆ ದೊರೆಯಿತು. ತಪ್ಪನ್ನು ತಪ್ಪಲ್ಲವೆನ್ನುವವರು ತಾವಲ್ಲ ಎಂಬ ಮಾತೂ ಅಲ್ಲಿಯೇ ಇದೆ.

ಇದನ್ನೇ ಯೇಸುಸ್ವಾಮಿ ಕಥೆಯಾಗಿ ಹೇಳಿದರು. ಪಾಲು ಕಿತ್ತುಕೊಂಡು ಹೋಗಿ ಎಲ್ಲವನ್ನೂ ಹಾಳುಮಾಡಿದ ಕಿರಿಯ ಮಗ ಹಸಿದು ಹಿಂದಿರುಗುತ್ತಾನೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಈ ಕಥೆ ಎಲ್ಲರಿಗೂ ಗೊತ್ತು. ಆದರೆ ಅದರ ಒಂದು ವಿವರ ನಮ್ಮ ಕಣ್ಣಿಗೆ ಬೀಳದೆ ಹೋಗುವುದುಂಟು. ದೂರದಲ್ಲಿ ಮಗನನ್ನು ಕಂಡ ತಂದೆ ಓಡುತ್ತಾನೆ. ಆ ಕಾಲದ, ಆ ನಾಡಿನ ಮರ್ಯಾದಸ್ಥ ಹಿರಿಯರು ಓಡುತ್ತಿರಲಿಲ್ಲ. ನಮ್ಮ ತುಳುನಾಡಿನ ಒಂದು ಗುತ್ತಿನ ಮನೆಯ ಯಜಮಾನರನ್ನು ಕಲ್ಪಿಸಿಕೊಳ್ಳಿ. ಚಾವಡಿಯಲ್ಲಿ ಕುಳಿತು ಊರಿನ ಪಂಚಾತಿಕೆ ಮಾಡುವವರು, ಬಂದವರೇ ಅವರ ಬಳಿಗೆ ಹೋಗಿ ನಿಲ್ಲಬೇಕು. ಅಂಥವರು ಆಳುಕಾಳುಗಳ ಎದುರಿನಲ್ಲೇ ಪಂಚೆ ಎತ್ತಿಕೊಂಡು ಅಂಗಳ ದಾಟಿ, ಗದ್ದೆಯ ಹುಣಿಯ ಮೇಲೆ ಓಡಿದರೆ ಊರು ಏನೆನ್ನುತ್ತದೆ? ಆ ತಂದೆ ಕಳೆದುಕೊಂಡದ್ದು ಮಾನವನ್ನೋ, ತೋರಿಸಿದ್ದು ದೊಡ್ಡಸ್ತಿಕೆಯನ್ನೋ? ಯೇಸುವಿನ ಉತ್ತರ ಸ್ಪಷ್ಟವಾಗಿದೆ. ದೇವರ ದೊಡ್ಡಸ್ತಿಕೆ ಓಡುವುದರಲ್ಲಿದೆ. ಶಿಷ್ಯರ ಪಾದ ತೊಳೆದದ್ದು, ಕೊನೆಗೆ ಶಿಲುಬೆಯ ಮೇಲೆ ತನ್ನನ್ನು ಕೊಂದವರಿಗಾಗಿ ಬೇಡಿಕೊಂಡದ್ದು, ಇವೆಲ್ಲ ಆ ಓಟದ ಮುಂದಿನ ಹೆಜ್ಜೆಗಳೆಂದು ಕ್ರೈಸ್ತರು ನಂಬುತ್ತಾರೆ.

ಈಗ ನಮ್ಮ ಕಡೆಗೆ ಬರೋಣ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಸಿದ್ಧಕಟ್ಟೆ ಎಂಬ ಊರಿದೆ. ಗದ್ದೆ, ಅಡಿಕೆ ತೋಟ, ಮುರಕಲ್ಲಿನ ಗುಡ್ಡಗಳ ಸೀಮೆ. ಒಂದು ಬದಿಗೆ ಸಾವಿರ ಕಂಬದ ಬಸದಿಯ ಮೂಡುಬಿದಿರೆ, ಇನ್ನೊಂದು ಬದಿಗೆ ಬೆಳ್ತಂಗಡಿ ತಾಲೂಕಿನ ವೇಣೂರು. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಗೊಮ್ಮಟನಿದ್ದಾನೆ. ಅಂಥ ವಿಗ್ರಹವನ್ನು ಕ್ಯಾಮೆರಾದಲ್ಲಿ ಹಿಡಿಯಬೇಕಾದರೆ ಹಿಂದೆ ಹಿಂದೆ ಸರಿಯಬೇಕು. ಮೂರ್ತಿ ಪೂರ್ಣವಾಗಿ ಕಾಣುವ ಹೊತ್ತಿಗೆ ಅದರ ಪಾದದ ಬಳಿ ಕೈಮುಗಿದು ನಿಂತವರ ಮುಖ ಕಾಣದಾಗುತ್ತದೆ. ಮುಖ ಬೇಕೆಂದು ಹತ್ತಿರ ಹೋದರೆ ಮೂರ್ತಿ ತಪ್ಪಿಹೋಗುತ್ತದೆ. ನಮ್ಮ ಕಣ್ಣಿನ ಮಿತಿ ಅದು. ದೂರ ನಿಂತರೇ ದೊಡ್ಡದು ಕಾಣುತ್ತದೆ ಎಂಬ ಅನುಭವದಿಂದ, ದೊಡ್ಡದೆಲ್ಲ ದೂರವೇ ಇರಬೇಕು ಎಂದು ನಾವು ತೀರ್ಮಾನಿಸಿಬಿಡುತ್ತೇವೆ.

ಸಿದ್ಧಕಟ್ಟೆಯ ಕೆಥೋಲಿಕ್ ಇಗರ್ಜಿ ಸಂತ ಪ್ಯಾಟ್ರಿಕರ ಹೆಸರಿನದು. ಐರ್ಲೆಂಡಿನ ಈ ಸಂತರ ಹೆಸರು ತುಳುನಾಡಿನ ಒಳಗಿನ ಊರೊಂದರಲ್ಲಿ ನಿತ್ಯ ಕೇಳಿಬರುತ್ತದೆ. ಆದರೆ ಅವರ ಬದುಕಿನ ಕಥೆ ಎಷ್ಟು ಜನರಿಗೆ ಗೊತ್ತು? ಹಾವುಗಳನ್ನು ಓಡಿಸಿದರು ಎಂಬಂಥ ಐತಿಹ್ಯಗಳನ್ನು ಬದಿಗಿಡೋಣ. ಅವರೇ ಲ್ಯಾಟಿನ್ನಿನಲ್ಲಿ ಬರೆದ ಎರಡು ಬರಹಗಳು ಉಳಿದು ಬಂದಿವೆ. ಒಂದು ಅವರ ನಿವೇದನೆ, ಇನ್ನೊಂದು ಕೊರೋಟಿಕಸ್ ಎಂಬ ದಂಡನಾಯಕನ ಸೈನಿಕರಿಗೆ ಬರೆದ ಪತ್ರ. ನಾವು ಇಂದು ಕೇಳುತ್ತಿರುವ ಪ್ರಶ್ನೆಗೆ ಈ ಎರಡರಲ್ಲೂ ಉತ್ತರವಿದೆ.

ಪ್ಯಾಟ್ರಿಕ್ 5ನೆಯ ಶತಮಾನದವರು. ರೋಮನ್ ಆಡಳಿತದಲ್ಲಿದ್ದ ಬ್ರಿಟನ್ನಿನ ಅನುಕೂಲಸ್ಥ ಮನೆಯವರು. ಸುಮಾರು 16ರ ಪ್ರಾಯದಲ್ಲಿ ಐರ್ಲೆಂಡಿನ ದಾಳಿಕೋರರು ಅವರನ್ನು ಹಿಡಿದೊಯ್ದರು. ಆರು ವರ್ಷ ಗುಲಾಮರಾಗಿ ಕುರಿ, ದನ ಕಾಯ್ದರು. ಹಿಮ, ಮಂಜು, ಮಳೆಯೆನ್ನದೆ ಗುಡ್ಡಗಾಡಿನಲ್ಲಿ ಕಳೆದ ಆ ದಿನಗಳಲ್ಲೇ ತಮಗೆ ಪ್ರಾರ್ಥನೆ ಕೈಹತ್ತಿತೆಂದು ಅವರು ಬರೆಯುತ್ತಾರೆ. ಆಮೇಲೆ ತಪ್ಪಿಸಿಕೊಂಡು, ಹಡಗು ಹತ್ತಿ, ಕಷ್ಟಪಟ್ಟು ಮನೆ ಸೇರಿದರು. ಕಥೆ ಅಲ್ಲಿಗೆ ಮುಗಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ತಮ್ಮನ್ನು ದಾಸರನ್ನಾಗಿ ಮಾಡಿದ ಅದೇ ನಾಡಿನ ಜನ ಮತ್ತೆ ಬಾ ಎಂದು ಕರೆಯುವಂತೆ ಅವರಿಗೆ ಕನಸಾಯಿತು. ಅವರು ಮರಳಿ ಹೋದರು. ಸೇಡು ತೀರಿಸಲು ಹೋಗಲಿಲ್ಲ, ಬಿಷಪರಾಗಿ ಆ ಜನರ ಸೇವೆಗೆ ಹೋದರು. ಅಲ್ಲಿಯೇ ಜೀವ ಸವೆಸಿದರು.

ಆ ನಿವೇದನೆಯಲ್ಲಿ ಅವರು ತಮ್ಮನ್ನು ಹೋಲಿಸಿಕೊಂಡಿರುವುದು ಆಳವಾದ ಕೆಸರಿನಲ್ಲಿ ಹೂತುಬಿದ್ದ ಒಂದು ಕಲ್ಲಿಗೆ. ಬಲಶಾಲಿಯಾದ ಒಬ್ಬರು ಬಂದರು, ಕರುಣೆಯಿಂದ ಆ ಕಲ್ಲನ್ನು ಎತ್ತಿ ಗೋಡೆಯ ತುದಿಯಲ್ಲಿ ಇಟ್ಟರು ಎಂಬುದು ಅವರು ಹೇಳುವ ತಾತ್ಪರ್ಯ. ಮುರಕಲ್ಲಿನ ಸೀಮೆಯವರಿಗೆ ಈ ಹೋಲಿಕೆ ಬೇಗ ಅರ್ಥವಾದೀತು. ಮಳೆಗಾಲದಲ್ಲಿ ಕೋರೆಯ ಕೆಸರಿನಿಂದ ಒಂದು ಕಲ್ಲನ್ನು ಎತ್ತಬೇಕಾದರೆ ಏನು ಬೇಕೆಂದು ಎತ್ತಿದವರಿಗೆ ಗೊತ್ತು. ತೋಳಿನಲ್ಲಿ ಬಲ ಬೇಕು, ಬಲವಿಲ್ಲದವನ ಮರುಕದಿಂದ ಕಲ್ಲು ಅಲುಗುವುದಿಲ್ಲ. ಎತ್ತುವವನು ಬಾಗಲೂ ಬೇಕು. ನೆಟ್ಟಗೆ ನಿಂತವನಿಗೆ, ಅವನೆಷ್ಟೇ ಬಲಶಾಲಿಯಾಗಿರಲಿ, ಕಲ್ಲು ಸಿಕ್ಕುವುದಿಲ್ಲ. ಬಲವೂ ಬಾಗುವಿಕೆಯೂ ಎರಡು ಕೆಲಸಗಳಲ್ಲ, ಎತ್ತುವುದೆಂಬ ಒಂದೇ ಕೆಲಸ. ಕ್ರೈಸ್ತ ಶ್ರದ್ಧೆ ದೇವರ ಮಹಿಮೆ ಮತ್ತು ಕರುಣೆಯ ಬಗ್ಗೆ ಹೇಳುವುದರ ಸಾರವೆಲ್ಲ ಈ ಹೋಲಿಕೆಯಲ್ಲಿದೆ ಎಂದು ನನಗನಿಸುತ್ತದೆ.

ಸೆರೆ ಮತ್ತು ಮರಳುವಿಕೆಯ ಕಥೆ ಕರಾವಳಿಯ ಕ್ರೈಸ್ತರಿಗೆ ಬರಿಯ ಐರ್ಲೆಂಡಿನ ಕಥೆಯಲ್ಲ. 1784ರಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಸಂದೇಹದ ಮೇಲೆ ಟಿಪ್ಪು ಸುಲ್ತಾನನ ಆಡಳಿತ ಇಲ್ಲಿನ ಕೆಥೋಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದಿತು. ವಿಭೂತಿ ಬುಧವಾರದಂದು ಆ ಸೆರೆ ಆರಂಭವಾಯಿತೆಂಬ ನೆನಪು ಸಮುದಾಯದಲ್ಲಿ ಉಳಿದಿದೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. ಉಳಿದವರು 1799ರ ನಂತರ ಮರಳಿದರು. ಹಾಳಾದ ಇಗರ್ಜಿಗಳನ್ನು ಮತ್ತೆ ಕಟ್ಟಿದರು, ಗದ್ದೆಗಳನ್ನು ಮತ್ತೆ ಉತ್ತರು. ಇದನ್ನು ಇಲ್ಲಿ ನೆನೆಯುವುದು ಇಂದಿನ ಯಾರ ಮೇಲೂ ಹಗೆ ಹೊರಿಸುವುದಕ್ಕಲ್ಲ. 15 ವರ್ಷದ ಸೆರೆಯಿಂದ ಬಂದವರು ಮೊದಲು ಎತ್ತಿ ನಿಲ್ಲಿಸಿದ್ದರಲ್ಲಿ ಪ್ರಾರ್ಥನೆಯ ಮನೆ ಒಂದಾಗಿತ್ತು ಎಂಬುದನ್ನು ಗಮನಿಸಬೇಕು. ದೇವರ ಬಲ ತಮ್ಮನ್ನು ಕೈಬಿಟ್ಟಿತು ಎಂದು ಅವರು ತೀರ್ಮಾನಿಸಲಿಲ್ಲ. ಅಂಥವರ ವಂಶದವರು ಬೆಳೆದ ನಾಡಿನಲ್ಲಿ, ಸೆರೆಯಿಂದ ಬಂದು ಸೆರೆಹಿಡಿದವರ ಬಳಿಗೇ ಮರಳಿದ ಸಂತರ ಹೆಸರಿನ ಒಂದು ಇಗರ್ಜಿ ಇರುವುದು ಅರ್ಥಪೂರ್ಣವಾಗಿದೆ.

ಹಾಗಾದರೆ ಕರುಣೆಯೆಂದರೆ ಅನ್ಯಾಯವನ್ನು ನುಂಗಿಕೊಳ್ಳುವುದೇ? ಈ ಪ್ರಶ್ನೆಯನ್ನು ಕೇಳಲೇಬೇಕು. ಏಕೆಂದರೆ ಕ್ಷಮಿಸು, ಕ್ಷಮಿಸು ಎಂದು ಬಡವರಿಗೆ ಬೋಧಿಸಿ ಬಲ್ಲಿದರು ನೆಮ್ಮದಿಯಾಗಿರುವುದು ಎಲ್ಲ ಕಾಲದಲ್ಲಿಯೂ ನಡೆದಿದೆ. ಪ್ಯಾಟ್ರಿಕರ ಎರಡನೆಯ ಬರಹ ಇದಕ್ಕೆ ಉತ್ತರ. ಕೊರೋಟಿಕಸನ ಸೈನಿಕರು ಆಗಷ್ಟೇ ದೀಕ್ಷಾಸ್ನಾನ ಪಡೆದವರ ಮೇಲೆ ಬಿದ್ದು, ಕೆಲವರನ್ನು ಕೊಂದು ಕೆಲವರನ್ನು ಮಾರಾಟಕ್ಕೆ ಒಯ್ದಿದ್ದರು. ಅವರ ಬಗ್ಗೆ ಪ್ಯಾಟ್ರಿಕರ ಭಾಷೆ ಬೆಂಕಿಯಂತಿದೆ. ಅಂಥವರೊಂದಿಗೆ ಯಾರೂ ಕುಳಿತು ಉಣ್ಣಬಾರದು, ಅವರ ದಾನ ಮುಟ್ಟಬಾರದು, ಅವರು ಕಣ್ಣೀರಿಟ್ಟು ಪಶ್ಚಾತ್ತಾಪಪಟ್ಟು ಸೆರೆಯಾಳುಗಳನ್ನು ಬಿಡುವ ತನಕ ಈ ನಿರ್ಬಂಧ ಇರಬೇಕು ಎಂದು ಅವರು ವಿಧಿಸುತ್ತಾರೆ. ತಮ್ಮನ್ನು ಗುಲಾಮರಾಗಿ ಮಾಡಿದವರನ್ನು ಕ್ಷಮಿಸಿದ ಮನುಷ್ಯರೇ ಇನ್ನೊಬ್ಬರನ್ನು ಗುಲಾಮರಾಗಿ ಮಾಡಿದವರನ್ನು ಹೀಗೆ ಎದುರಿಸಿದರು. ಹಾಗಿದ್ದೂ ಪತ್ರದ ಕೊನೆಯ ಆಸೆ ಅವರು ತಿದ್ದಿಕೊಂಡು ಬದುಕಲಿ ಎಂಬುದೇ. ತನಗಾದ ನೋವನ್ನು ಬಿಟ್ಟುಕೊಡುವ ಹಕ್ಕು ನೊಂದವನದು. ಇನ್ನೊಬ್ಬರ ನೋವನ್ನು ನಾವು ಬಿಟ್ಟುಕೊಡಲು ಬರುವುದಿಲ್ಲ. ಕರುಣೆ ಕೆಸರನ್ನು ಕೆಸರೆಂದೇ ಕರೆಯುತ್ತದೆ, ಹಾಗೆ ಕರೆದೇ ಕಲ್ಲನ್ನು ಮೇಲೆತ್ತುತ್ತದೆ.

ಇದೆಲ್ಲ 1500 ವರ್ಷ ಹಿಂದಿನ ಮಾತಾಯಿತು ಎನ್ನಬಹುದು. ನಮ್ಮ ಕಾಲದ್ದೇ ಒಂದು ನಿಜಸಂಗತಿ ಇದೆ. ಕೇರಳದಲ್ಲಿ ಹುಟ್ಟಿದ ರಾಣಿ ಮರಿಯ ಎಂಬ ಕ್ರೈಸ್ತ ಸನ್ಯಾಸಿನಿ ಮಧ್ಯಪ್ರದೇಶದ ಇಂದೋರ್ ಕಡೆಯ ಹಳ್ಳಿಗಳಲ್ಲಿ ಬಡ ಕೃಷಿಕರ, ಆದಿವಾಸಿಗಳ ಪರವಾಗಿ ದುಡಿಯುತ್ತಿದ್ದರು. ಸಾಲದ ಹಿಡಿತದಿಂದ ಅವರು ಪಾರಾಗುವುದು ಕೆಲವರಿಗೆ ಸಹನೆಯಾಗಲಿಲ್ಲ. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಒಬ್ಬಾತ ಅವರನ್ನು ಇರಿದು ಕೊಂದ. ಕಾನೂನು ತನ್ನ ದಾರಿ ಹಿಡಿಯಿತು, ಅವನಿಗೆ ಜೈಲು ಶಿಕ್ಷೆಯಾಯಿತು. ರಾಣಿ ಮರಿಯರ ತಂಗಿ ಸೆಲ್ಮಿ ಪೌಲ್ ಕೂಡ ಸನ್ಯಾಸಿನಿ. ಅವರು 2002ರಲ್ಲಿ ಆ ಜೈಲಿಗೆ ಹೋಗಿ ಅಕ್ಕನನ್ನು ಕೊಂದವನ ಕೈಗೆ ರಾಖಿ ಕಟ್ಟಿದರು, ಅಣ್ಣನೆಂದು ಕರೆದರು. 2006ರಲ್ಲಿ ಬಿಡುಗಡೆಯಾದ ಅವನು ಆ ಮನೆಯವರಿಗೆ ಮನೆಯವನಂತೆಯೇ ಆದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯರನ್ನು ಧನ್ಯೆ ಎಂದು ಘೋಷಿಸಲಾಯಿತು. ಶಿಕ್ಷೆಯೂ ಆಯಿತು, ರಾಖಿಯೂ ಕಟ್ಟಲಾಯಿತು. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಲಿಲ್ಲ.

ಇಷ್ಟು ಹೇಳಿದ ಮೇಲೆ ಪೂಜೆಯ ಕ್ರಮವನ್ನು ನೋಡಿದರೆ ಅದು ಹೊಸದಾಗಿ ಅರ್ಥವಾಗುತ್ತದೆ. ನಮ್ಮ ಊರಿನ ಇಗರ್ಜಿಗಳಲ್ಲಿ ಭಾನುವಾರದ ಬಲಿಪೂಜೆಯ ಆರಂಭದಲ್ಲಿ ಜನ ಮೊದಲು ತಮ್ಮ ತಪ್ಪನ್ನು ಒಪ್ಪಿ ಕರುಣೆ ಬೇಡುತ್ತಾರೆ. ಅದರ ಬೆನ್ನಿಗೇ ಮಹಿಮೆಯ ಗೀತೆ ಬರುತ್ತದೆ. ಕರುಣೆಯ ಆ ಬೇಡಿಕೆ ಲ್ಯಾಟಿನ್ ಪೂಜೆಯಲ್ಲಿಯೂ ಶತಮಾನಗಳ ಕಾಲ ಗ್ರೀಕ್ ಭಾಷೆಯಲ್ಲಿಯೇ ಉಳಿದುಕೊಂಡಿತು. 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿಯ ಸಿರೋ ಮಲಬಾರ್ ಧರ್ಮಪ್ರಾಂತದ ಪೂಜಾಕ್ರಮಕ್ಕೆ ಸಿರಿಯಾಕ್ ಮೂಲವಿದೆ. ಅಲ್ಲಿಯ ಒಂದು ಪ್ರಾಚೀನ ಪ್ರಾರ್ಥನೆ ದೇವರನ್ನು ಪವಿತ್ರರೆಂದೂ, ಬಲಶಾಲಿಯೆಂದೂ, ಮರಣವಿಲ್ಲದವರೆಂದೂ ಮೂರು ಬಾರಿ ಕೊಂಡಾಡುತ್ತದೆ. ನಾಲ್ಕನೆಯದು ಕರುಣೆಯ ಬೇಡಿಕೆ. ಬಲಶಾಲಿಯಲ್ಲದವರಲ್ಲಿ ಕರುಣೆ ಬೇಡಿ ಫಲವೇನು? ಕರುಣೆಯಿಲ್ಲದವರ ಬಲವನ್ನು ಹಾಡುವುದು ಹೇಗೆ?

ಸೆಪ್ಟೆಂಬರ್ 8ರ ಮೊಂತಿ ಹಬ್ಬ ಮರಿಯಮ್ಮನವರ ಹುಟ್ಟುಹಬ್ಬ. ಮಕ್ಕಳು ಹೂ ಅರ್ಪಿಸುತ್ತಾರೆ, ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ, ಮನೆಯವರೆಲ್ಲ ಕೂಡಿ ಹೊಸ ಅಕ್ಕಿಯ ರುಚಿ ನೋಡುತ್ತಾರೆ. ಅದೇ ಮರಿಯಮ್ಮ ಹಾಡಿದರೆಂದು ಲೂಕನು ಬರೆದ ಹಾಡಿನಲ್ಲಿ ಸರ್ವಶಕ್ತರ ಬಲವನ್ನೂ ತಲೆಮಾರಿನಿಂದ ತಲೆಮಾರಿಗೆ ಹರಿಯುವ ಕರುಣೆಯನ್ನೂ ಒಂದೇ ಉಸಿರಿನಲ್ಲಿ ಕೊಂಡಾಡಲಾಗಿದೆ. ಆ ಬಲ ದೀನರನ್ನು ಮೇಲೆತ್ತುವ ಬಲ. ತೆನೆಯನ್ನು ಕೈಯಲ್ಲಿ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಜೊಳ್ಳು ತೆನೆ ನೆಟ್ಟಗೆ ನಿಂತಿರುತ್ತದೆ, ಕಾಳು ತುಂಬಿದ್ದು ಬಾಗುತ್ತದೆ.

ಆರಂಭದಲ್ಲಿ ಎತ್ತಿದ ವಿಜ್ಞಾನದ ತೊಡಕಿಗೆ ಏನು ಹೇಳೋಣ? ಆಂಡ್ರೊಮಿಡವನ್ನು ಹಿಡಿದಿಟ್ಟ ಗುರುತ್ವವೇ ಸಿದ್ಧಕಟ್ಟೆಯ ತೋಟದಲ್ಲಿ ಅಡಿಕೆಯೊಂದನ್ನು ನೆಲಕ್ಕೆ ಇಳಿಸುತ್ತದೆ. ಅಡಿಕೆ ಚಿಕ್ಕದೆಂದು ಆ ನಿಯಮ ಅದನ್ನು ಬಿಟ್ಟುಬಿಡುವುದಿಲ್ಲ. ನಿಯಮ ದೊಡ್ಡದಾಗಿರುವುದೇ ಏನನ್ನೂ ಬಿಡದಿರುವುದರಿಂದ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ನಿಯಮಕ್ಕೆ ಅಡಿಕೆಯ ಗುರುತಿಲ್ಲ. ನಿದ್ದೆಯಿಲ್ಲದೆ ಕುಳಿತ ಆ ತಾಯಿಯ ಗುರುತು ದೇವರಿಗೆ ಉಂಟು ಎಂಬುದನ್ನು ಯಾವ ದೂರದರ್ಶಕವೂ ತೋರಿಸಿಕೊಡಲಾರದು, ಅಲ್ಲಗಳೆಯಲೂ ಆಗದು. ಅದು ಶ್ರದ್ಧೆಯ ಮಾತು. ಆದರೆ ದೊಡ್ಡದಾದದ್ದು ದೂರವೇ ಇರಬೇಕು ಎಂಬ ನಮ್ಮ ತರ್ಕ ಅಷ್ಟು ಗಟ್ಟಿಯಲ್ಲ ಎಂಬುದಂತೂ ನಿಜ.

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಚಿಕ್ಕ ಮಹಿಮೆ ಇದೆ. ಕಚೇರಿಯ ಮೇಜಿನ ಹಿಂದೆ ಕುಳಿತವರಿಗೆ ಒಂದು ಸಹಿಯ ಬಲ, ಮನೆಯ ಹಿರಿಯರಿಗೆ ಒಂದು ಮಾತಿನ ಬಲ, ಅನ್ಯಾಯಕ್ಕೆ ಒಳಗಾದವರಿಗೂ ಕ್ಷಮಿಸುವ ಅಥವಾ ಕ್ಷಮಿಸದಿರುವ ಬಲ. ಪಾಲಿನ ವ್ಯಾಜ್ಯದಲ್ಲಿ 20 ವರ್ಷ ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರು ನಮ್ಮ ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮೊದಲು ಅಂಗಳ ಇಳಿದವನು ಸೋತವನೆಂದು ಇಬ್ಬರೂ ಭಾವಿಸಿದ್ದಾರೆ. ಸುವಾರ್ತೆಯ ಆ ತಂದೆ ಹಾಗೆ ಭಾವಿಸಲಿಲ್ಲ. ಪ್ಯಾಟ್ರಿಕರೂ ಹಾಗೆ ಭಾವಿಸಲಿಲ್ಲ. ಇಬ್ಬರಲ್ಲಿ ಯಾರು ಮೊದಲು ಇಳಿಯುತ್ತಾರೋ ಅವರ ಮನೆಯ ಹಿರಿಯರು ಅಂದು ಸಂಜೆ ಕೈಮುಗಿದು ಹೇಳುವ ಮಾತು ಏನೆಂದು ನಮಗೆ ಗೊತ್ತೇ ಇದೆ.